ಕವಿಯ ತಂಗಿಯ ಅಡುಗೆಮನೆ ಪುಸ್ತಕ

ನಾನು ಇಪ್ಪತ್ತೆರಡು ವರ್ಷ ಪರರ ಪತ್ರ ಓದಿ ಸಂಬಳ ತೆಗೆದುಕೊಂಡವನು. ಹೀಗೆ ಹೇಳಿದರೆ ಕೇಳಿದವರು ಹುಬ್ಬೇರಿಸುತ್ತಾರೆ. ಬರೆದವರೂ ಪಡೆದವರೂ ಸತ್ತು ನೂರು ವರ್ಷದ ಮೇಲಾಗಿತ್ತು ಎಂದು ಸೇರಿಸಿದರೆ ಹುಬ್ಬು ಕೆಳಗಿಳಿಯುತ್ತದೆ, ಜೊತೆಗೆ ಆಸಕ್ತಿಯೂ ಇಳಿಯುತ್ತದೆ. ನಮ್ಮ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿತ್ತು. ಹೊರದೇಶದ ಲೈಬ್ರರಿಗಳು ತಮ್ಮಲ್ಲಿದ್ದ ಹಳೆಯ ಕೈಬರಹದ ಕಾಗದಗಳ ಫೋಟೊ ತೆಗೆದು ನಮಗೆ ಕಳಿಸುತ್ತಿದ್ದವು. ನಾವು ಅವನ್ನು ಪರದೆಯ ಮೇಲೆ ನೋಡಿ, ಅಕ್ಷರ ಅಕ್ಷರ ಟೈಪ್ ಮಾಡಿ ವಾಪಸು ಕಳಿಸುತ್ತಿದ್ದೆವು. ಕೆಲಸ ಇಷ್ಟೇ.

ಈಗ ಅದೇ ಕೆಲಸಕ್ಕೆ ಸೇರುವವರು ಯಂತ್ರ ಓದಿದ್ದನ್ನು ಸರಿಯೋ ತಪ್ಪೋ ನೋಡುತ್ತಾರೆ. ಮೊದಲು ಹೇಗಿತ್ತು ಎಂದು ಅವರಲ್ಲಿ ಒಬ್ಬಿಬ್ಬರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಬೇರೆ ಕಾರಣವೂ ಇದೆ. ಅದು ಮುಂದೆ ಬರುತ್ತದೆ.

ನಾನು ಹಾವೇರಿ ಕಡೆಯವನು. ಬೆಂಗಳೂರಿಗೆ ಬಂದ ಹೊಸದರಲ್ಲಿ ಪೀಣ್ಯದ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಔಷಧಿ ಬಾಟಲಿಗೆ ಅಂಟಿಸುವ ಲೇಬಲ್ಲುಗಳು. ಅರ್ಧ ಚಮಚ ಇರಬೇಕಾದಲ್ಲಿ ಎಂಟು ಚಮಚ ಎಂದು ಅಚ್ಚಾದರೆ ಯಾರದಾದರೂ ಪ್ರಾಣ ಹೋದೀತು ಎಂಬ ಭಯದಲ್ಲಿ ಹತ್ತು ವರ್ಷ ಕಳೆದವನಿಗೆ ತಪ್ಪು ಕಂಡ ಕೂಡಲೇ ತಿದ್ದುವ ಚಟ ಅಂಟಿಕೊಳ್ಳದೆ ಇರುತ್ತದೆಯೆ? ಹೊಸ ಕಂಪನಿಗೆ ಸೇರಿದ ಮೊದಲ ತಿಂಗಳು ನನ್ನ ಪಾಲಿಗೆ ಬಂದದ್ದು ಒಬ್ಬ ಹಡಗಿನ ಕಪ್ತಾನ ಹೆಂಡತಿಗೆ ಬರೆದ ಪತ್ರಗಳು. ಕಪ್ತಾನನಿಗೆ ಸಮುದ್ರ ಚೆನ್ನಾಗಿ ಗೊತ್ತಿತ್ತು, ಇಂಗ್ಲಿಷ್ ಅಷ್ಟಾಗಿ ಗೊತ್ತಿರಲಿಲ್ಲ. ನಾನು ಅವನ ಇಂಗ್ಲಿಷನ್ನೆಲ್ಲ ತಿದ್ದಿ, ಪೂರ್ಣವಿರಾಮಗಳನ್ನಿಟ್ಟು, ನೀಟಾಗಿ ಮಾಡಿ ಕಳಿಸಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಇಡೀ ಕೆಲಸ ಹಿಂದಕ್ಕೆ ಬಂತು.

ನಮ್ಮ ಮ್ಯಾನೇಜರ್ ಶ್ರೀಧರ್ ನನಗಿಂತ ಎಂಟು ವರ್ಷ ಚಿಕ್ಕವನು. ನನ್ನ ಮೇಜಿನ ಅಂಚಿಗೆ ಒರಗಿ ನಿಂತು ಹೇಳಿದ: “ನೀವು ತಿದ್ದಿರೋದು ಸರೀನೇ ಇರ್ಬಹುದು ಬಸವರಾಜ್. ಆದ್ರೆ ಆ ಮನುಷ್ಯ ಹಾಗೆ ಬರ್ದಿಲ್ವಲ್ಲ. ಕಂಡಿದ್ದು ಹೊಡೀರಿ. ಗೊತ್ತಿರೋದು ಹೊಡೀಬೇಡಿ.”

ಶ್ರೀಧರನ ಬಾಯಿಂದ ನಾನು ಕೇಳಿದ ಬುದ್ಧಿಮಾತು ಅದೊಂದೇ. ಆದರೆ ಅದು ಒಳ್ಳೆಯ ಮಾತು. ಅದನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡೆ. ಮುಂದೆ ನಾನೇ ವಿಭಾಗದ ಮುಖ್ಯಸ್ಥನಾದಾಗ ಬಂದವರಿಗೆಲ್ಲ ಅದನ್ನೇ ಹೇಳಿದೆ, ಬೇಕಾದಾಗಲೂ ಬೇಡವಾದಾಗಲೂ.

ಕೆಲಸದ ಪದ್ಧತಿ ಹೀಗಿತ್ತು. ಒಂದೇ ಹಾಳೆಯನ್ನು ಇಬ್ಬರಿಗೆ ಕೊಡುತ್ತಿದ್ದೆವು. ಇಬ್ಬರೂ ಬೇರೆ ಬೇರೆ ಕೂತು ಟೈಪ್ ಮಾಡಬೇಕು. ಮುಗಿದ ಮೇಲೆ ಕಂಪ್ಯೂಟರು ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುತ್ತದೆ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಮೂರನೆಯವನಾದ ನಾನು ಮೂಲ ನೋಡಿ ತೀರ್ಮಾನ ಕೊಡಬೇಕು. ಇಬ್ಬರು ಮನುಷ್ಯರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಕಂಪನಿ ನಿಂತಿತ್ತು. ಈ ಪದ್ಧತಿ ಕಂಡುಹಿಡಿದ ಪುಣ್ಯಾತ್ಮರು ನಮ್ಮವರ ಊಟದ ಹೊತ್ತನ್ನು ನೋಡಿರಲಿಲ್ಲ.

ಒಂದು ಸಲ ಕಾಗದಗಳ ಒಂದು ದೊಡ್ಡ ಕಂತು ಒಂದೂ ವ್ಯತ್ಯಾಸವಿಲ್ಲದೆ ಹೊಂದಿಬಿಟ್ಟಿತು. ಶ್ರೀಧರ್ ಖುಷಿಯಾಗಿ ಎಲ್ಲರಿಗೂ ಮೈಸೂರುಪಾಕು ತರಿಸಿದ. ಎರಡು ವಾರದ ಮೇಲೆ ಲೈಬ್ರರಿಯವರು ಕೇಳಿದರು, ಇಂಥ ಹಾಳೆ ಎಲ್ಲಿ? ವಿಚಾರಿಸಿದರೆ ಆದದ್ದು ಇಷ್ಟು: ಕೆಲಸದಲ್ಲಿ ಮುಂದಿದ್ದ ಹುಡುಗಿ ಆ ಹಾಳೆ ಖಾಲಿ ಎಂದುಕೊಂಡು ಬಿಟ್ಟಿದ್ದಳು. ಮಧ್ಯಾಹ್ನ ಮುದ್ದೆ ಮುರಿಯುತ್ತ ಗೆಳತಿಗೆ, “ಆ ಹಾಳೇಲಿ ಏನಿಲ್ಲ ಕಣೇ, ಸುಮ್ನೆ ಟೈಮ್ ವೇಸ್ಟ್ ಮಾಡ್ಕೋಬೇಡ” ಎಂದಿದ್ದಳು. ಗೆಳತಿ ನೋಡದೆಯೇ ಬಿಟ್ಟಳು. ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದು ಮಾಸಿಹೋದ ಹನ್ನೆರಡು ಸಾಲು ಇತ್ತು. ಒಬ್ಬಳು ಇನ್ನೊಬ್ಬಳಿಗೆ ಒಳ್ಳೆಯದನ್ನು ಮಾಡಹೋಗಿ ಇಬ್ಬರೂ ಒಟ್ಟಿಗೆ ತಪ್ಪಿದ್ದರು. ಅಲ್ಲಿಂದ ಮುಂದೆ ಒಂದೇ ಹಾಳೆ ಮಾಡುವ ಇಬ್ಬರಿಗೆ ಬೇರೆ ಬೇರೆ ಊಟದ ಹೊತ್ತು ಗೊತ್ತುಮಾಡಿದೆವು. ಆ ವಾರ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ.

ಪದ್ಮಾ ನಮ್ಮಲ್ಲಿಗೆ ಬಂದದ್ದು ಇದಾದ ಮೇಲೆ. ಕಂಪನಿಗೆ ಹತ್ತಿರದ ಹೆಬ್ಬಗೋಡಿಯವಳೇ. ಪಿಯುಸಿ ಓದಿದ್ದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ವಿಭಾಗದಲ್ಲಿದ್ದಳು. ಹೊಲಿದು ಬಂದ ಅಂಗಿಗಳಲ್ಲಿ ದಾರ ತಪ್ಪಿದ್ದು, ಹೊಲಿಗೆ ಓರೆಯಾದದ್ದು ಹುಡುಕುವ ಕೆಲಸ. ಇಂಗ್ಲಿಷ್ ಓದುತ್ತಿದ್ದಳು, ಮಾತಾಡಲು ಹೆದರುತ್ತಿದ್ದಳು. ತೆಗೆದುಕೊಳ್ಳುವುದೋ ಬೇಡವೋ ಎಂದು ನನಗೇ ಅನುಮಾನವಿತ್ತು. ಪರೀಕ್ಷೆಗೆಂದು ಒಂದು ಕಷ್ಟದ ಪತ್ರ ಕೊಟ್ಟೆ.

ನೂರು ವರ್ಷಕ್ಕೂ ಹಿಂದಿನ ಅಮೆರಿಕದವರು ಅಂಚೆ ಖರ್ಚು ಉಳಿಸಲು ಒಂದು ಹಾಳೆ ತುಂಬ ಬರೆದು, ಅದನ್ನೇ ಅಡ್ಡ ತಿರುಗಿಸಿ ಬರೆದದ್ದರ ಮೇಲೆಯೇ ಮತ್ತೆ ಬರೆಯುತ್ತಿದ್ದರು. ನೋಡಿದರೆ ಚಾಪೆ ನೇಯ್ದ ಹಾಗಿರುತ್ತದೆ. ಡಿಗ್ರಿ ಮಾಡಿದವರೇ ಆ ಪತ್ರ ನೋಡಿ ಎದ್ದು ಹೋಗಿದ್ದರು. ಪದ್ಮಾ ಐದು ನಿಮಿಷ ಸುಮ್ಮನೆ ನೋಡಿದಳು. ಆಮೇಲೆ ಟೈಪ್ ಮಾಡತೊಡಗಿದಳು.

“ಹೇಗೆ ಗೊತ್ತಾಯ್ತಮ್ಮಾ?” ಎಂದೆ.

“ನಮ್ ಮಾವ ಬೊಂಬಾಯಿಂದ ಇನ್ಲ್ಯಾಂಡ್ ಲೆಟರ್ ಬರೀತಿದ್ರು ಸಾರ್. ಜಾಗ ಸಾಲ್ದೆ ಸುತ್ತಾ ಅಂಚಲ್ಲೆಲ್ಲ ಬರ್ದು, ಮಡ್ಚೋ ಕಡೆನೂ ಬಿಡ್ತಿರ್ಲಿಲ್ಲ. ಮನೇಲಿ ನಾನೇ ಓದಿ ಏಳ್ತಿದ್ದೆ. ಕಾಗ್ದಾನ ಸುತ್ತುಸ್ತಾ ಓದ್ಬೇಕು, ಅಷ್ಟೇ ಅಲ್ವಾ?”

ಕೈಬರಹವನ್ನು ಅವಳು ನೋಡುತ್ತಿದ್ದ ರೀತಿಯೂ ಬೇರೆ. ನಾವು ಪದ ಓದುತ್ತಿದ್ದೆವು, ಅವಳು ಗೆರೆ ನೋಡುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ಒಂದು ಲೈನಿಗೆ ನಲವತ್ತು ಟೈಲರುಗಳಿದ್ದರೂ ಅಂಗಿ ನೋಡಿ ಇದು ಇಂಥವಳ ಹೊಲಿಗೆ ಎಂದು ಹೇಳುತ್ತಿದ್ದಳಂತೆ. ನನ್ನ ವಿಭಾಗದಲ್ಲಿ ಹದಿಮೂರು ವರ್ಷ ಇದ್ದಳು. ಅವಳು ಟೈಪ್ ಮಾಡಿದ್ದಕ್ಕೂ ಇನ್ನೊಬ್ಬರು ಮಾಡಿದ್ದಕ್ಕೂ ವ್ಯತ್ಯಾಸ ಬಂದಾಗ ನಾನು ಮೂಲ ನೋಡುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ, ಅವಳದ್ದನ್ನೇ ಇಟ್ಟುಕೊಳ್ಳುತ್ತಿದ್ದೆ. ಇದು ನಿಯಮಕ್ಕೆ ವಿರುದ್ಧ. ಆದರೆ ಒಮ್ಮೆಯೂ ತೊಂದರೆಯಾಗಲಿಲ್ಲ.

ಈಗ ಕವಿಯ ವಿಷಯಕ್ಕೆ ಬರುತ್ತೇನೆ.

ಅವನು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕವಿ. ಹೆಸರು ಇಲ್ಲಿ ಬೇಡ. ಕಂಪನಿಯ ಕರಾರು ನನಗೆ ಈಗಲೂ ಅನ್ವಯಿಸುತ್ತದೋ ಇಲ್ಲವೋ ಗೊತ್ತಿಲ್ಲ. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದನಾದ್ದರಿಂದ ನಾವು ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದೆವು. ಬದುಕಿದ್ದಾಗ ಮೇಷ್ಟ್ರ ಕವಿತೆಗಳಿಗೆ ಅಂಥ ಹೆಸರೇನೂ ಬರಲಿಲ್ಲವಂತೆ. ಹೆಸರು ಬಂದದ್ದು ಸತ್ತ ಮೇಲೆ, ಅದೂ ಕವಿತೆಗಳಿಂದಲ್ಲ, ಪತ್ರಗಳಿಂದ. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದು ಮಲಗಿದ್ದಾಗ ಸ್ನೇಹಿತರಿಗೆ ಬರೆದ ಪತ್ರಗಳು. ಕಿಟಕಿಯಾಚೆ ಕಂಡ ಹಿಮ, ಕೋಳಿಗಳು, ಹಾಲಿನ ಗಾಡಿ, ಇಷ್ಟೇ ಇರುವ ಪತ್ರಗಳು. ಅವುಗಳಲ್ಲೊಂದು ಸಾಲು ಅಲ್ಲಿನ ಮಕ್ಕಳಿಗೆ ಶಾಲೆಯಲ್ಲಿ ಬಾಯಿಪಾಠವಂತೆ. ಕನ್ನಡದಲ್ಲಿ ಹೇಳುವುದಾದರೆ: ನನ್ನ ಕಿಟಕಿ ಈಗ ನನಗಿಂತ ಹೆಚ್ಚು ಊರು ತಿರುಗುತ್ತದೆ.

ಮದುವೆಯಾಗದ ತಂಗಿಯೊಬ್ಬಳು ಅವನನ್ನು ನೋಡಿಕೊಳ್ಳುತ್ತಿದ್ದಳು. ಕೊನೆಯ ಪತ್ರಗಳೆಲ್ಲ ಅವಳ ಕೈಬರಹದಲ್ಲಿವೆ. ಮೇಷ್ಟ್ರ ಕೈ ನಡುಗುತ್ತಿದ್ದರಿಂದ ಅವನು ಹೇಳುತ್ತಿದ್ದ, ತಂಗಿ ಬರೆದುಕೊಳ್ಳುತ್ತಿದ್ದಳು ಎಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿ. ಅದರಲ್ಲಿ ವಿಶೇಷವೇನೂ ಇರಲಿಲ್ಲ.

ಪತ್ರಗಳು ಮುಗಿದ ಮೇಲೆ ಮೇಷ್ಟ್ರ ಕಾಗದಗಳಿದ್ದ ಪೆಟ್ಟಿಗೆಯ ತಳದಲ್ಲಿ ಉಳಿದದ್ದರ ಫೋಟೊಗಳು ಬಂದವು. ಅವುಗಳಲ್ಲಿ ತಂಗಿಯ ಅಡುಗೆಮನೆ ಪುಸ್ತಕವೂ ಇತ್ತು. ಯಾವ ಕೋಳಿ ಎಷ್ಟು ಮೊಟ್ಟೆಯಿಟ್ಟಿತು, ಸೇಬಿನ ಮುರಬ್ಬ ಹೇಗೆ, ಚಿಮಣಿ ಗುಡಿಸುವವನು ಯಾವತ್ತು ಬಂದ. ಪ್ರೊಫೆಸರುಗಳು ತಮಗೆ ಬೇಕಾದ್ದನ್ನು ಓದುತ್ತಾರೆ. ನಾವು ಬಂದದ್ದನ್ನೆಲ್ಲ ಓದುವವರು. ಆ ಪುಸ್ತಕವನ್ನು ಯಾರೂ ಕೇಳಿ ಪಡೆಯಲಿಲ್ಲ, ಬೇಜಾರಿನ ಕೆಲಸ. ಪದ್ಮಾಗೆ ಕೊಟ್ಟೆ.

ಮೂರನೆಯ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಸಾರ್, ಇದ್ರಲ್ಲಿ ಒಂದ್ ಸಾಲು ನನ್ ಕೈ ಆಗ್ಲೇ ಒಂದ್ಸಲ ಟೈಪ್ ಮಾಡೈತೆ.”

“ಮಾಡಿರ್ತೀಯ. ಅವಳೇ ಅಲ್ವಾ ಬರ್ಕೊಳ್ತಿದ್ದವಳು.”

“ಅಂಗಲ್ಲ ಸಾರ್. ತಲೆಗೆ ಗ್ಯಾಪ್ಕ ಇರ್ಲಿಲ್ಲ, ಬೆರಳ್ಗೆ ಗ್ಯಾಪ್ಕ ಐತೆ. ಅದೇ ಕಿಟ್ಕಿ ಸಾಲು. ಆದ್ರೆ ಇಲ್ಲಿ ಬೇರೆ ಥರ ಐತೆ.”

ಅದು ಗುರುವಾರ. ಶುಕ್ರವಾರ ಕಂತು ಹೋಗಬೇಕಿತ್ತು. ಅನುಮಾನ ಬಂದರೆ ಗಿರಾಕಿಗೆ ಪ್ರಶ್ನೆ ಬರೆದು ಕಳಿಸುವ ಏರ್ಪಾಡೇನೋ ಇತ್ತು. ಆದರೆ ಪ್ರಶ್ನೆ ಹೋದರೆ ಉತ್ತರ ಬರುವವರೆಗೆ ಕಂತು ನಿಲ್ಲುತ್ತದೆ, ಕಂತು ನಿಂತರೆ ಶ್ರೀಧರ್ ನನ್ನ ಮೇಜಿನ ಅಂಚಿಗೆ ಬಂದು ಒರಗುತ್ತಾನೆ. ನಾನು ಗೋಡೆಯ ಮೇಲಿನ ಕಾಗದ ತೋರಿಸಿದೆ. “ಕಂಡಿದ್ದು ಹೊಡಿ ಪದ್ಮಾ. ಯೋಚನೆ ಮಾಡೋದು ಅವರ ಕೆಲಸ.”

ಅವಳು ಹೋದಳು. ಒಂದು ಗಂಟೆ ಬಿಟ್ಟು ಎರಡು ಪ್ರಿಂಟು ಹಿಡಿದುಕೊಂಡು ಮತ್ತೆ ಬಂದಳು. ಒಂದು ಆ ಪ್ರಸಿದ್ಧ ಪತ್ರ. ಇನ್ನೊಂದು ಅಡುಗೆಮನೆ ಪುಸ್ತಕದ ಪುಟ, ಪತ್ರದ ತಾರೀಖಿಗಿಂತ ಒಂದು ದಿನ ಹಿಂದಿನದು. ಎರಡನ್ನೂ ನನ್ನ ಕೀಬೋರ್ಡಿನ ಮೇಲೆಯೇ ಇಟ್ಟಳು, ನಾನು ಬೇರೆ ಕೆಲಸ ಮಾಡದ ಹಾಗೆ.

“ಕಂಡಿದ್ದೇ ಏಳ್ತಿದೀನಿ ಸಾರ್, ನೋಡಿ” ಎಂದಳು.

ಪುಟದ ಮೇಲ್ಭಾಗದಲ್ಲಿ ಕರಿಕೋಳಿ ಎರಡು ಮೊಟ್ಟೆಯಿಟ್ಟ ಸಂಗತಿ. ಅದರ ಕೆಳಗೆ: ಇವತ್ತೂ ಅಣ್ಣ ಮಾತಾಡಲಿಲ್ಲ, ಐದು ದಿನವಾಯಿತು, ಮೂರು ಚಮಚ ಗಂಜಿ ಇಳಿಯಿತು. ಅದರ ಕೆಳಗೆ, ಅದೇ ಶಾಯಿ, ಅದೇ ಕೈ: ಅಣ್ಣನ ಕಿಟಕಿ ಈಗ ಅಣ್ಣನಿಗಿಂತ ಹೆಚ್ಚು ಊರು ತಿರುಗುತ್ತದೆ. ‘ಅಣ್ಣನ’, ‘ಅಣ್ಣನಿಗಿಂತ’ ಎಂಬುದನ್ನು ಹೊಡೆದುಹಾಕಿ ಮೇಲೆ ‘ನನ್ನ’, ‘ನನಗಿಂತ’ ಎಂದು ಬರೆದಿತ್ತು.

ಮುಂದಿನ ಪುಟಗಳನ್ನು ತಿರುಗಿಸಿದೆವು. ಅಣ್ಣ ಮಾತಾಡಲಿಲ್ಲ ಎಂಬ ಸಾಲು ದಿನವೂ ಇತ್ತು. ಪ್ರಸಿದ್ಧ ಪತ್ರಗಳ ಸಾಲುಗಳೂ ಒಂದೊಂದಾಗಿ ಇದ್ದವು, ಮುರಬ್ಬದ ಮಧ್ಯೆ, ಮೊಟ್ಟೆಗಳ ಮಧ್ಯೆ, ಹೊಡೆದು ತಿದ್ದಿ ಮತ್ತೆ ಹೊಡೆದು.

“ಬಾಯಿ ಬಿಡದೋರು ಏಳಿ ಬರ್ಸೋಕಾಯ್ತದಾ ಸಾರ್?” ಎಂದಳು ಪದ್ಮಾ. ಎರಡು ಪ್ರಿಂಟುಗಳನ್ನೂ ಜೋಡಿಸುತ್ತ, ತನ್ನಷ್ಟಕ್ಕೇ ಎಂಬಂತೆ, “ಕಾಗ್ದ ನಿಂತೋದ್ರೆ ಅಣ್ಣ ಇಲ್ಲ ಅಂತ್ಲೇ ಆಗೋಯ್ತದಲ್ಲ. ಅದಕ್ಕೇ ಬರ್ದವ್ಳೆ ಪಾಪ” ಎಂದಳು.

ನಾನು ಪ್ರಶ್ನೆ ಬರೆದೆ. ಕಂತು ನಿಲ್ಲಿಸಿದೆ. ಅಷ್ಟು ಮಟ್ಟಿಗೆ ನನ್ನದು ಸರಿಯೇ. ಪ್ರಶ್ನೆಯ ನಮೂನೆಯ ಕೆಳಗೆ ‘ಕಳಿಸಿದವರು’ ಎಂಬ ಜಾಗವಿರುತ್ತದೆ. ಅಲ್ಲಿ ಯಾವಾಗಲೂ ವಿಭಾಗದ ಮುಖ್ಯಸ್ಥನ ಹೆಸರೇ ಹೋಗಬೇಕು, ಅದು ಕಂಪನಿಯ ರೂಢಿ. ನನ್ನ ಹೆಸರು ಹಾಕಿದೆ. ಅಲ್ಲಿಯವರೆಗೂ ತಪ್ಪಿಲ್ಲ.

ನಾಲ್ಕು ದಿನದ ಮೇಲೆ ಆ ಪತ್ರಗಳನ್ನು ಸಂಪಾದಿಸುತ್ತಿದ್ದ ಪ್ರೊಫೆಸರ್ ಮೇಡಂ ತಾವೇ ಫೋನ್ ಮಾಡಿದರು. ಗಿರಾಕಿಗಳು ನಮ್ಮಂಥವರ ಜೊತೆ ಮಾತಾಡುವುದೇ ಇಲ್ಲ. ಶ್ರೀಧರ್ ಓಡಿಬಂದು ನನ್ನನ್ನು ಕರೆದ. ಗಾಜಿನ ಕೋಣೆಯಲ್ಲಿ ನಾನೂ ಅವನೂ ಫೋನಿನ ಮುಂದೆ ಕೂತೆವು. ಗಾಜಿನಾಚೆ, ಹತ್ತು ಹೆಜ್ಜೆ ದೂರದಲ್ಲಿ, ಪದ್ಮಾ ತನ್ನ ಜಾಗದಲ್ಲಿ ಟೈಪ್ ಮಾಡುತ್ತಿದ್ದಳು. ಮೇಡಂ ದನಿ ಸಣ್ಣದು. ಇಪ್ಪತ್ತು ವರ್ಷದಿಂದ ಆ ಪತ್ರಗಳ ಮೇಲೆ ಕೆಲಸ ಮಾಡುತ್ತಿದ್ದರೂ ಅಡುಗೆಮನೆ ಪುಸ್ತಕವನ್ನು ತಾವು ಬಿಚ್ಚಿ ನೋಡಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು. ಆಮೇಲೆ ಕೇಳಿದರು, “ನೀವು ಇದನ್ನು ಹೇಗೆ ಕಂಡುಹಿಡಿದಿರಿ, ಮಿಸ್ಟರ್ ಬಸವರಾಜ್?”

ಎದ್ದು ಬಾಗಿಲು ತೆಗೆದು ಅವಳನ್ನು ಕರೆಯಲು ಎಷ್ಟು ಹೊತ್ತು ಬೇಕಿತ್ತು? ಪದ್ಮಾಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ, ಸುಮ್ಮನೆ ಮುಜುಗರವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನಿಜ ಏನೆಂದರೆ, ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ, ಹೆಸರು ಹಿಡಿದು, ಮರ್ಯಾದೆಯಿಂದ, ಹೇಗೆ ಕಂಡುಹಿಡಿದಿರಿ ಎಂದು ಕೇಳಿರಲಿಲ್ಲ.

“ಆ ಸಾಲು ತಲೆಗೆ ನೆನಪಿರಲಿಲ್ಲ ಮೇಡಂ,” ಎಂದೆ, “ನನ್ನ ಬೆರಳುಗಳಿಗೆ ನೆನಪಿತ್ತು.”

ಆ ಪತ್ರವನ್ನು ನಾನು ಟೈಪ್ ಮಾಡಿಯೇ ಇರಲಿಲ್ಲ.

ಮೇಡಂ ಸಂಪಾದಿಸಿದ ಪತ್ರಗಳ ಪುಸ್ತಕ ಬರಲು ಎರಡು ವರ್ಷ ಹಿಡಿಯಿತು. ಮೇಷ್ಟ್ರ ಹೆಸರೇನೂ ಮಣ್ಣುಪಾಲಾಗಲಿಲ್ಲ. ಒಮ್ಮೆ ಬಂದ ಹೆಸರು ಅಷ್ಟು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಕೆಲವು ಪಂಡಿತರು ತಂಗಿಯೇ ಬರೆದದ್ದು ಎಂದರು. ಕೆಲವರು, ಅಣ್ಣ ಮೊದಲು ಆಡಿದ್ದ ಮಾತುಗಳನ್ನು ಅವಳು ನೆನಪಿಟ್ಟು ಬರೆದಿರಬೇಕು ಎಂದರು. ಹೊದಿಕೆಯ ಮೇಲೆ ಮೇಷ್ಟ್ರ ಹೆಸರೇ ಇತ್ತು. ತಂಗಿಯ ವಿಷಯ ಒಳಗೆ, ಮುನ್ನುಡಿಯಲ್ಲಿ. ಅದೇ ಮುನ್ನುಡಿಯಲ್ಲಿ ಬೆಂಗಳೂರಿನ ಬಸವರಾಜ್ ಎಂಬವರ ಚುರುಕು ಕಣ್ಣಿಗೆ ಕೃತಜ್ಞತೆ ಇತ್ತು. ಬೆರಳುಗಳಿಗೆ ನೆನಪಿತ್ತು ಎಂಬ ಮಾತೂ ನನ್ನ ಹೆಸರಿನಲ್ಲಿ ಅಚ್ಚಾಗಿತ್ತು.

ಕಂಪನಿಯಲ್ಲಿ ಕೇಕ್ ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಪದ್ಮಾ ಕೂಡ. ಮುನ್ನುಡಿಯ ಆ ಪುಟಕ್ಕೆ ಕಟ್ಟು ಹಾಕಿಸಿ ಮುಂಬಾಗಿಲ ಹತ್ತಿರ ತೂಗುಹಾಕಿದರು. ಟೈಪ್ ಮಾಡುವವರು ಓಡಾಡುತ್ತಿದ್ದದ್ದು ಹಿಂದಿನ ಗೇಟಿನಿಂದ, ಹಾಗಾಗಿ ಅವರು ಅದನ್ನು ಓದಿರಲಾರರು. ನಾನು ಮಾತ್ರ ದಿನಾ ಮುಂಬಾಗಿಲಿನಿಂದಲೇ ಹೋಗುತ್ತಿದ್ದೆ.

ಆಮೇಲೆ ಯಂತ್ರಗಳು ಬಂದವು. ಮೊದಮೊದಲು ಅವುಗಳ ಓದು ನಮಗೆ ನಗೆಪಾಟಲು. ಎರಡೇ ವರ್ಷದಲ್ಲಿ ನಗು ನಿಂತಿತು. ಒಂದೇ ಹಾಳೆಗೆ ಇಬ್ಬರು ಬೇಡವಾದರು, ಆಮೇಲೆ ಒಬ್ಬರೂ ಪೂರ್ತಿ ಬೇಡವಾದರು. ವಿಭಾಗದಲ್ಲಿ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು ಎಂದು ಪಟ್ಟಿ ಮಾಡಿದರು. ಪಟ್ಟಿಯಲ್ಲಿ ‘ವಿಶೇಷ ಸಾಧನೆ’ ಎಂಬ ಒಂದು ಕಾಲಂ. ನನ್ನ ಹೆಸರಿನ ಮುಂದೆ ಪ್ರೊಫೆಸರ್ ಮೇಡಂ ಪುಸ್ತಕ. ಪದ್ಮಾ ಹೆಸರಿನ ಮುಂದೆ ಖಾಲಿ. ಆ ಪಟ್ಟಿ ಸಹಿಗೆಂದು ನನ್ನ ಮೇಜಿನ ಮೇಲೆ ಅರ್ಧ ದಿನ ಇತ್ತು. ಆ ಖಾಲಿ ಜಾಗದಲ್ಲಿ ಬರೆಯಲು ಪೆನ್ನು ನನ್ನ ಕೈಯಲ್ಲೇ ಇತ್ತು. ಬರೆಯಬೇಕಾದರೆ ಮೇಲಿನ ನನ್ನ ಜಾಗವನ್ನು ಖಾಲಿ ಮಾಡಬೇಕಿತ್ತು. ಸಹಿ ಹಾಕಿ ಕಳಿಸಿದೆ.

ಪದ್ಮಾ ಹೋಗುವ ದಿನ ಎಲ್ಲರಿಗೂ ಬಾಳೆಹಣ್ಣಿನ ರಸಾಯನ ಮಾಡಿ ತಂದಿದ್ದಳು. “ಬತ್ತೀನಿ ಸಾರ್” ಎಂದಳು. ನಾನು ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದೆ.

ನಿವೃತ್ತಿಯಾದವನ ಮನೆಗೆ ನೆಂಟರು ಬಂದರೆ ತೋರಿಸಲು ಏನಾದರೂ ಬೇಕಲ್ಲ, ನಾನು ಆ ಪುಸ್ತಕ ತೋರಿಸುತ್ತಿದ್ದೆ. ಕಥೆ ಹೇಳುತ್ತಿದ್ದೆ. ಪ್ರತಿ ಸಲವೂ ಕಥೆಯಲ್ಲಿ ಪದ್ಮಾ ಸ್ವಲ್ಪ ಸ್ವಲ್ಪ ಚಿಕ್ಕವಳಾಗುತ್ತ ಹೋದಳು. ಹೋದ ವರ್ಷ ದಾವಣಗೆರೆಯ ಷಡ್ಡಕ ಬಂದಾಗ ಅವಳು ‘ಒಬ್ಬ ಹುಡುಗಿ ಪ್ರಿಂಟು ತಂದುಕೊಟ್ಟಳು’ ಎನ್ನುವಷ್ಟಕ್ಕೆ ಇಳಿದಿದ್ದಳು. ನೆಂಟರು ಹೋದ ಮೇಲೆ ನನ್ನ ಹೆಂಡತಿ ಶೈಲಜಾ ಲೋಟ ಎತ್ತುತ್ತ ಕೇಳಿದಳು:

“ಏನ್ರಿ, ಮೊದಲ ಸಲ ನನಗ ಹೇಳಿದಾಗ ಆಕೀನ ಕಂಡುಹಿಡದ್ಲು ಅಂದಿದ್ರಿ. ಈಗ ಆಕಿ ಬರೇ ಕಾಗದ ತಂದಾಕಿ ಆದ್ಲಲ್ಲ. ಇದರಾಗ ಆಕಿ ಹೆಸರ ಎಲ್ಲೈತಿ?”

ನಾನು ಕಂಪನಿಯ ರೂಢಿಯ ವಿಷಯ ಹೇಳಹೋದೆ.

“ಯಾರದೋ ದುಡ್ಡು, ಯಲ್ಲಮ್ಮನ ಜಾತ್ರಿ,” ಎಂದಳು. “ಆ ಕವಿ ಪಾಪ ಮಾತಾಡ್ಲಾರದ ಮಲಗಿದ್ದ. ನಿಮಗೇನಾಗಿತ್ರಿ?”

ಆ ವಾರವೇ ಪ್ರೊಫೆಸರ್ ಮೇಡಂಗೆ ಬರೆದೆ. ಇನ್ನೊಬ್ಬರ ಪತ್ರ ಟೈಪ್ ಮಾಡುವುದರಲ್ಲಿ ಆಯುಷ್ಯ ಕಳೆದವನಿಗೆ ತನ್ನದೊಂದು ಪತ್ರ ಬರೆಯಲು ಮೂರು ದಿನ ಹಿಡಿಯಿತು. ಎಲ್ಲ ಬರೆದೆ, ಬೆರಳಿನ ಮಾತೂ ನನ್ನದಲ್ಲ ಎಂದು ಬರೆದೆ. ಅವರ ಉತ್ತರ ಚಿಕ್ಕದು. ಕೋಪವಿರಲಿಲ್ಲ, ಸಮಾಧಾನದ ಮಾತೂ ಇರಲಿಲ್ಲ. ಹೊಸ ಆವೃತ್ತಿ ಬರುತ್ತಿದೆ, ಹೊದಿಕೆಯ ಮೇಲೆ ಅಣ್ಣ ತಂಗಿ ಇಬ್ಬರ ಹೆಸರೂ ಇರುತ್ತದೆ, ಮುನ್ನುಡಿಯನ್ನೂ ತಿದ್ದುತ್ತೇನೆ. ಪದ್ಮಾ ಅವರ ಹೆಸರು ಹೇಗೆ ಅಚ್ಚಾಗಬೇಕೆಂದು ಅವರ ಕೈಯಲ್ಲೇ ಬರೆಸಿ ಫೋಟೊ ಕಳಿಸಿ. ನೀವು ಟೈಪ್ ಮಾಡಬೇಡಿ.

ನಮ್ಮ ಮನೆಯಿರುವ ಪೀಣ್ಯದಿಂದ ಹೆಬ್ಬಗೋಡಿಗೆ ಈಗ ಮೆಟ್ರೊದಲ್ಲೇ ಹೋಗಬಹುದು, ನಡುವೆ ಒಂದು ಕಡೆ ಬದಲಾಯಿಸಬೇಕು. ಕಂಪನಿ ಬಸ್ಸಿನಲ್ಲಿ ಎರಡು ಗಂಟೆ ತೂಕಡಿಸಿಕೊಂಡು ಹೋಗುತ್ತಿದ್ದ ದಾರಿಯನ್ನು ಮೇಲಿನಿಂದ ನೋಡುತ್ತ ಹೋದೆ. ಪದ್ಮಾ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಕೆಲಸ ಹೋದ ಮೇಲೆ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆಂದು ಕೇಳಿದ್ದೆ. ಬಾಡಿಗೆ ಮನೆಗಳ ಒಂದು ಬಿಲ್ಡಿಂಗಿನ ಕೆಳಗೆ ಚಿಕ್ಕ ಮಳಿಗೆ, ಎರಡು ಮಿಷನ್ನು. ಕನ್ನಡಕ ಹಾಕಿಕೊಂಡು ಹುಕ್ಕು ಹಚ್ಚುತ್ತಿದ್ದಳು. ತಲೆ ಎತ್ತಿ ನೋಡಿ, ಗುರುತು ಹಿಡಿದು ಎದ್ದು ನಿಂತಳು.

“ಬನ್ನಿ ಸಾರ್, ಕೂತ್ಕೊಳ್ಳಿ. ಏನ್ ಈ ಕಡೆ?”

ಸುತ್ತುಬಳಸಿ ಹೇಳಲು ತಯಾರಿ ಮಾಡಿಕೊಂಡು ಹೋಗಿದ್ದೆ. ಅದನ್ನೆಲ್ಲ ಬಿಟ್ಟೆ. ಮುನ್ನುಡಿಯ ಪುಟ ತೆಗೆದು ಪುಸ್ತಕವನ್ನೇ ಅವಳ ಕೈಗೆ ಕೊಟ್ಟೆ. ಅವಳು ಬಟ್ಟೆ ಪಕ್ಕಕ್ಕಿಟ್ಟು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಬೆರಳು ಒಂದು ಕಡೆ ನಿಂತಿತು.

“ಇದು ನಾನ್ ಏಳಿದ್ ಮಾತಲ್ವಾ ಸಾರ್?”

“ಹೌದಮ್ಮಾ.”

ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ.

“ಬುಕ್ಕಲ್ಲಿ ಏನೈತೆ ಅಂತ ಗೊತ್ತಿರ್ಲಿಲ್ಲ. ಆದ್ರೆ ಆವತ್ತು ನೀವು ಆ ಗಾಜಿನ್ ರೂಮಲ್ಲಿ ಫೋನಲ್ಲಿ ಮಾತಾಡ್ತಿದ್ರಲ್ಲ, ನಾನ್ ಟೈಪ್ ಮಾಡ್ತಿರ್ಲಿಲ್ಲ ಸಾರ್. ಸುಮ್ನೆ ಕೀ ಮೇಲೆ ಕೈಯಿಟ್ಕಂಡ್ ನಿಮ್ಮನ್ನೇ ನೋಡ್ತಿದ್ದೆ. ಒಂದ್ಸಲ ಈ ಕಡೆ ಕೈ ತೋರುಸ್ತೀರೇನೋ ಅಂತ. ಇಂಗ್ಲಿಷಲ್ಲಿ ಏನ್ ಏಳ್ಬೇಕು ಅಂತ ಬಾಯಿಪಾಠನೂ ಮಾಡ್ಕಂಡಿದ್ದೆ.”

ತಪ್ಪಾಯಿತು ಎಂದೆ. ಅಷ್ಟು ಚಿಕ್ಕ ಮಾತು ಅಷ್ಟು ತಡವಾಗಿ ಆಡಿದರೆ ಏನು ಬೆಲೆ? ಅವಳು ಪರವಾಗಿಲ್ಲ ಎನ್ನಲಿಲ್ಲ, ಅದು ಅವಳ ದೊಡ್ಡತನವೆಂದೇ ತಿಳಿದಿದ್ದೇನೆ. ಮೇಡಂ ಬರೆದದ್ದನ್ನು ಹೇಳಿದೆ. ಹೊದಿಕೆಯ ಮೇಲೆ ಇಬ್ಬರ ಹೆಸರೂ ಬರುತ್ತದಂತೆ ಎಂದಾಗ ಮಾತ್ರ ಅವಳ ಮುಖ ಬೇರೆಯಾಯಿತು.

“ಆಯಮ್ಮನ ಎಸ್ರು ಬುಕ್ಕಿನ್ ಮೇಲೇ ಬತ್ತದಾ? ಯಾರ್ದು ಮೊದ್ಲು ಸಾರ್?”

“ಗೊತ್ತಿಲ್ಲ.”

“ಕೇಳಿ ನೋಡಿ” ಎಂದಳು.

ಆಮೇಲೆ ಅಳತೆ ಬರೆಯುವ ಚೀಟಿಯ ಪುಸ್ತಕದಿಂದ ಒಂದು ಹಾಳೆ ಹರಿದು, ಮಿಷನ್ನಿನ ಹಲಗೆಯ ಮೇಲಿಟ್ಟುಕೊಂಡು, ಸೀಮೆಸುಣ್ಣದ ಪುಡಿ ಅಂಟಿದ್ದ ಕೈಯನ್ನು ಸೆರಗಿಗೆ ಒರೆಸಿ ಪೆನ್ನು ಹಿಡಿದಳು. ತನ್ನ ಪೂರ್ತಿ ಹೆಸರನ್ನು ಮೊದಲು ಕನ್ನಡದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದಳು. ನನ್ನ ಕಡೆ ತಿರುಗಿಸಿ ಇಟ್ಟಳು.

ಅಕ್ಷರ ಸ್ವಲ್ಪ ಬಲಕ್ಕೆ ವಾಲಿತ್ತು, ಕೊನೆಯ ಗೆರೆ ತುಸು ಉದ್ದ ಎಳೆದಿತ್ತು. ಫೋಟೊ ತೆಗೆಯಲು ಫೋನ್ ಎತ್ತಿದವನು ಹಾಗೆಯೇ ನೋಡುತ್ತ ಕೂತೆ. ಹದಿಮೂರು ವರ್ಷ ನನ್ನ ವಿಭಾಗದಲ್ಲಿ ಕೂತು ಸತ್ತವರ ಕೈಬರಹವನ್ನೆಲ್ಲ ಓದಿದವಳ ಕೈಬರಹವನ್ನು ನಾನು ನೋಡಿದ್ದು ಅವತ್ತೇ ಮೊದಲು.